ಗಂಡಿಪೇಟೆಯಿಂದ ಅನಂತಗಿರಿಯವರೆಗೆ: ಹೈದರಾಬಾದಿನ ಕೆರೆದಡದ ಗರಸು ಹಾದಿಗಳು

ಗಂಡಿಪೇಟೆಯ ನೀರು ಕುಡಿದವನು ಹೈದರಾಬಾದನ್ನು ಬಿಟ್ಟು ಹೋಗಲಾರನೆಂಬ ಮಾತು ಈ ನಗರದಲ್ಲಿ ಬಹುಕಾಲದಿಂದ ಬಳಕೆಯಲ್ಲಿದೆ. ಉದ್ಯೋಗ ನಿಮಿತ್ತ ಇಲ್ಲಿಗೆ ಬಂದು, ಇಲ್ಲಿಯೇ ಮನೆಮಾಡಿ, ಮಕ್ಕಳನ್ನು ಓದಿಸಿದ ನಮ್ಮ ಕನ್ನಡ ಕುಟುಂಬಗಳಿಗೆ ಈ ಮಾತಿನ ಸತ್ಯವನ್ನು ವಿವರಿಸಬೇಕಾಗಿಲ್ಲ. ಆದರೆ ಆ ನೀರಿನ ದಡವನ್ನು ಸಾವಕಾಶವಾಗಿ ನೋಡಿದವರು ನಮ್ಮಲ್ಲಿ ಕಡಿಮೆ. ಬ್ಯಾಂಕಿನ ಮೇಜಿನ ಮುಂದೆ ಮೂರು ದಶಕ ಕುಳಿತ ಈ ಲೇಖಕನೂ ಐವತ್ತು ದಾಟಿದ ಮೇಲೆ ಸೈಕಲ್ ಏರಿಯೇ ಅದನ್ನು ಕಂಡದ್ದು. ಆಸಕ್ತರಿಗೆ ಅನುಕೂಲವಾಗಲೆಂದು ಆ ಹಾದಿಗಳ ಪರಿಚಯವನ್ನು ಇಲ್ಲಿ ಕೊಡಲಾಗಿದೆ.

ಗ್ರಾವೆಲ್ ಸೈಕಲ್ ಎಂದರೇನು?

ಡಾಂಬರು ರಸ್ತೆಯ ವೇಗದ ಸೈಕಲ್ಲಿಗೂ ಗುಡ್ಡಗಾಡಿನ ಒರಟು ಸೈಕಲ್ಲಿಗೂ ನಡುವಣ ಬಗೆಯೇ ಗ್ರಾವೆಲ್ ಸೈಕಲ್. ಹ್ಯಾಂಡಲ್ ರೇಸಿಂಗ್ ಸೈಕಲ್ಲಿನಂತೆ ಕೆಳಕ್ಕೆ ಬಾಗಿರುತ್ತದೆ. ಟೈರುಗಳು ಸಾಮಾನ್ಯವಾಗಿ 35ರಿಂದ 50 ಮಿಲಿಮೀಟರ್ ಅಗಲವಿರುತ್ತವೆ. ಬ್ರೇಕು ಡಿಸ್ಕ್ ಮಾದರಿಯದು. ಅಮೆರಿಕದ ಕಾನ್ಸಾಸ್ ಸಂಸ್ಥಾನದ ಎಂಪೋರಿಯಾದಲ್ಲಿ 2006ರಲ್ಲಿ ಆರಂಭವಾದ ಜಲ್ಲಿರಸ್ತೆಯ ಸ್ಪರ್ಧೆ ಈ ಹವ್ಯಾಸಕ್ಕೆ ಹೆಸರು ತಂದಿತು. 2022ರಲ್ಲಿ ಇಟಲಿಯಲ್ಲಿ ಇದರ ಮೊದಲ ವಿಶ್ವ ಚಾಂಪಿಯನ್‌ಷಿಪ್ ನಡೆಯಿತು. ನಮ್ಮ ಊರುಗಳ ಗರಸುಮಣ್ಣಿನ ಬಂಡಿದಾರಿಗೆ ಇಂಥ ಸೈಕಲ್ಲೇ ಆಗಬೇಕೆಂದೇನೂ ಇಲ್ಲ. ಅಗಲವಾದ ಟೈರಿನ ಸಾಧಾರಣ ಗೇರ್ ಸೈಕಲ್ಲೂ ಸಾಕು.

ಜಲಾಶಯಗಳ ಹಿನ್ನೆಲೆ

1908ರ ಸೆಪ್ಟೆಂಬರ್ 28ರಂದು ಮೂಸಿ ನದಿಗೆ ಬಂದ ಮಹಾಪೂರದಲ್ಲಿ ಸಾವಿರಾರು ಜನ ಪ್ರಾಣ ಕಳೆದುಕೊಂಡರು. ನಗರವನ್ನು ಪುನಃ ಇಂತಹ ವಿಪತ್ತಿನಿಂದ ಉಳಿಸುವ ಉಪಾಯ ಸೂಚಿಸಲು ನಿಜಾಮ್ ಸರ್ಕಾರವು ಆಹ್ವಾನಿಸಿದ್ದು ನಮ್ಮವರೇ ಆದ ಮೋಕ್ಷಗುಂಡಂ ವಿಶ್ವೇಶ್ವರಯ್ಯನವರನ್ನು. ಅವರು 1909ರಲ್ಲಿ ಇಲ್ಲಿಗೆ ಬಂದು, ನಗರದ ಮೇಲ್ಭಾಗದಲ್ಲಿ ಪ್ರವಾಹದ ನೀರನ್ನು ತಡೆಹಿಡಿಯುವ ಜಲಾಶಯಗಳನ್ನು ಕಟ್ಟಬೇಕೆಂದು ಸಲಹೆಯಿತ್ತರು. ಅದೇ ವರ್ಷದ ಕೊನೆಯಲ್ಲಿ ಮೈಸೂರಿನ ಮುಖ್ಯ ಎಂಜಿನಿಯರ್ ಹುದ್ದೆಗೆ ತೆರಳಿದರು. ಮೂಸಿಗೆ ಅಡ್ಡಲಾಗಿ 1920ರಲ್ಲಿ ಉಸ್ಮಾನ್ ಸಾಗರವೂ, ಅದರ ಉಪನದಿ ಈಸಿಗೆ ಅಡ್ಡಲಾಗಿ 1927ರಲ್ಲಿ ಹಿಮಾಯತ್ ಸಾಗರವೂ ಪೂರ್ಣಗೊಂಡವು. ಗಂಡಿಪೇಟೆ ಕೆರೆಯೆಂದು ಜನ ಕರೆಯುವುದು ಉಸ್ಮಾನ್ ಸಾಗರವನ್ನೇ. ಎರಡೂ ಜಲಾಶಯಗಳು ನಗರಕ್ಕೆ ರಕ್ಷಣೆಯನ್ನೂ ಕುಡಿಯುವ ನೀರನ್ನೂ ಒದಗಿಸಿದವು.

ಮೊದಲ ಹಾದಿ: ನಾರ್ಸಿಂಗಿ - ಗಂಡಿಪೇಟೆ

ಹೊಸಬರು ಇಲ್ಲಿಂದ ಆರಂಭಿಸುವುದು ಲೇಸು. ಹೊರವರ್ತುಲ ರಸ್ತೆಯ ಪಕ್ಕದಲ್ಲಿ 2023ರ ಅಕ್ಟೋಬರ್‌ನಲ್ಲಿ 23 ಕಿಲೋಮೀಟರ್ ಉದ್ದದ, ಸೌರಫಲಕಗಳ ಮಾಡು ಹೊದಿಸಿದ ಸೈಕಲ್ ಪಥ ಉದ್ಘಾಟನೆಗೊಂಡಿತು. ಅದರ ಒಂದು ಕವಲು ನಾರ್ಸಿಂಗಿಯಿಂದ ಕೊಲ್ಲೂರಿನ ಕಡೆಗೆ ಹೋಗುವಂತೆ ರೂಪಿತವಾದದ್ದು. ಆ ಭಾಗದಲ್ಲಿ ರಸ್ತೆ ಕಾಮಗಾರಿಗಳು ನಡೆಯುತ್ತಲೇ ಇರುವುದರಿಂದ, ಯಾವ ಭಾಗ ತೆರೆದಿದೆಯೆಂದು ವಿಚಾರಿಸಿಕೊಂಡು ಹೊರಡಬೇಕು. ನಾರ್ಸಿಂಗಿಯಿಂದ ಗಂಡಿಪೇಟೆ ಹತ್ತಿರ. ಕೆರೆಯ ಅಂಚಿನಲ್ಲಿ 2022ರಲ್ಲಿ ತೆರೆದ ಉದ್ಯಾನವಿದ್ದು, ಮನೆಮಂದಿ ಕಾರಿನಲ್ಲಿ ಬಂದು ಸೈಕಲ್ ಸವಾರರನ್ನು ಕೂಡಿಕೊಂಡು ಬುತ್ತಿ ಬಿಚ್ಚಲು ತಕ್ಕ ಸ್ಥಳ.

ಎರಡನೆಯ ಹಾದಿ: ಖಾನಾಪುರ, ಜನವಾಡ, ಶಂಕರಪಲ್ಲಿ

ಗಂಡಿಪೇಟೆಯಿಂದ ಖಾನಾಪುರದ ಮೂಲಕ ಶಂಕರಪಲ್ಲಿಯ ದಿಕ್ಕಿಗೆ ಸಾಗಿದರೆ ಕೆರೆಯ ಜಲಾನಯನ ಪ್ರದೇಶ ಕಣ್ಣಿಗೆ ಬೀಳುತ್ತದೆ. ಮುಖ್ಯ ರಸ್ತೆಯಿಂದ ಹಳ್ಳಿಗಳಿಗೆ ಕವಲೊಡೆಯುವ ಮಣ್ಣಿನ ದಾರಿಗಳೇ ಇಲ್ಲಿನ ಆಕರ್ಷಣೆ. ತರಕಾರಿ ಹೊಲಗಳು, ಹೂವಿನ ತೋಟಗಳು, ಈಚಲು ಮರಗಳ ಸಾಲು, ಹೆಬ್ಬಂಡೆಗಳು ಕಾಣಸಿಗುತ್ತವೆ. ದಾರಿ ಕೇಳಲು ನಾಲ್ಕು ಮಾತು ತೆಲುಗು ಬಂದರೆ ಸಾಕು. ಹಿರಿಯರನ್ನು ‘ಪೆದ್ದಾಯನಾ’ ಎಂದು ಗೌರವದಿಂದ ಕರೆದರೆ ದಾರಿಯ ಜೊತೆಗೆ ಮಜ್ಜಿಗೆಯೂ ದೊರೆಯುವುದುಂಟು.

ಇಲ್ಲಿ ಒಂದು ಎಚ್ಚರಿಕೆ. ಕೆಂಪು ಗರಸು ಮಳೆ ನಿಂತ ಕೆಲವೇ ಗಂಟೆಗಳಲ್ಲಿ ಗಟ್ಟಿಯಾಗುತ್ತದೆ. ಎರೆಮಣ್ಣು ಹಾಗಲ್ಲ. ಒಮ್ಮೆ ಮಳೆಯ ಮರುದಿನ ಉತ್ಸಾಹದಿಂದ ಎರೆಹೊಲದ ದಾರಿಗಿಳಿದ ಈ ಲೇಖಕನ ಸೈಕಲ್ಲಿನ ಚಕ್ರಗಳು ಮಣ್ಣು ಮೆತ್ತಿಕೊಂಡು ತಿರುಗದಾದವು. ಸೈಕಲ್ಲನ್ನು ಹೆಗಲಿಗೇರಿಸಿ ಡಾಂಬರು ರಸ್ತೆ ಮುಟ್ಟುವ ಹೊತ್ತಿಗೆ ಸೂರ್ಯ ನೆತ್ತಿಗೆ ಬಂದಿದ್ದ. ಮಳೆಗಾಲದಲ್ಲಿ ನೆಲದ ಬಣ್ಣ ನೋಡಿ ಹಾದಿ ಆರಿಸಿಕೊಳ್ಳಬೇಕೆಂಬ ಪಾಠವನ್ನು ಅಂದು ಕಲಿತದ್ದಾಯಿತು.

ಮೂರನೆಯ ಹಾದಿ: ಚಿಲುಕೂರು ಮತ್ತು ಹಿಮಾಯತ್ ಸಾಗರ

ವೀಸಾ ಬಾಲಾಜಿಯೆಂದು ಪ್ರಸಿದ್ಧವಾದ ಚಿಲುಕೂರಿನ ದೇವಾಲಯ ಉಸ್ಮಾನ್ ಸಾಗರದ ಸಮೀಪದಲ್ಲಿದೆ. ಅದಕ್ಕೆ ಹತ್ತಿರದಲ್ಲಿಯೇ ಮೃಗವನಿ ರಾಷ್ಟ್ರೀಯ ಉದ್ಯಾನವಿದೆ. ಉದ್ಯಾನದೊಳಗೆ ಅರಣ್ಯ ಇಲಾಖೆಯ ನಿಯಮಗಳೇ ಅಂತಿಮ. ವಾರದ ದಿನಗಳ ಮುಂಜಾನೆ ಈ ದಾರಿ ಶಾಂತ. ಭಾನುವಾರ ಭಕ್ತರ ವಾಹನಗಳ ಸಂದಣಿ ಹೆಚ್ಚು. ದಕ್ಷಿಣಕ್ಕೆ ಅಜೀಜ್‌ನಗರದ ಕಡೆಯಿಂದ ಹಿಮಾಯತ್ ಸಾಗರದ ಸುತ್ತಿನ ಹಳ್ಳಿಗಳಿಗೂ ಹೋಗಬಹುದು. ಚಳಿಗಾಲದಲ್ಲಿ ಹಿನ್ನೀರಿನಲ್ಲಿ ವಲಸೆ ಹಕ್ಕಿಗಳು ಬಂದಿಳಿಯುತ್ತವೆ. ಮಳೆಗಾಲದಲ್ಲಿ ಜಲಾಶಯದ ಬಾಗಿಲುಗಳನ್ನು ತೆರೆದಾಗ ಹೊರವರ್ತುಲದ ಸೇವಾರಸ್ತೆಯನ್ನು ಮುಚ್ಚುವುದುಂಟು. ಆಗ ಹರಿಯುವ ನೀರಿನಲ್ಲಿ ಸೈಕಲ್ ಇಳಿಸುವ ಸಾಹಸ ಸಲ್ಲದು. ಕಟ್ಟೆ ಹಾಗೂ ದಡದ ಪ್ರದೇಶ ಜಲಮಂಡಳಿಗೆ ಸೇರಿದ್ದು; ನಿರ್ಬಂಧದ ಫಲಕವಿರುವಲ್ಲಿ ಹಿಂದಿರುಗುವುದೇ ಮರ್ಯಾದೆ.

ನಾಲ್ಕನೆಯ ಹಾದಿ: ಅನಂತಗಿರಿ

ಕಲಬುರಗಿಗೂ ಬೀದರಿಗೂ ರೈಲಿನಲ್ಲಿ ಹೋಗುವ ನಮ್ಮವರಿಗೆ ವಿಕಾರಾಬಾದ್ ಜಂಕ್ಷನ್ ಚಿರಪರಿಚಿತ. ಬೀದರಿನ ಮಾರ್ಗ ಕವಲೊಡೆಯುವುದು ಅಲ್ಲಿಯೇ. ಅದರ ಸಮೀಪದ ಅನಂತಗಿರಿ ಬೆಟ್ಟಗಳಲ್ಲಿ ಮೂಸಿ ನದಿ ಹುಟ್ಟುತ್ತದೆ. ಅನಂತಪದ್ಮನಾಭಸ್ವಾಮಿಯ ದೇವಾಲಯ, ಕಾಡಿನ ನಡುವಣ ಏರಿಳಿತದ ರಸ್ತೆ, ಕೆಮ್ಮಣ್ಣಿನ ದಾರಿಗಳು, ಮುಂದೆ ಕೋಟಪಲ್ಲಿ ಜಲಾಶಯ, ಇವನ್ನೆಲ್ಲ ಒಂದು ದಿನದಲ್ಲಿ ನೋಡಬಹುದು. ಹೈದರಾಬಾದಿನಿಂದ ಸುಮಾರು 75 ಕಿಲೋಮೀಟರ್ ದೂರವಾದುದರಿಂದ ಸೈಕಲ್ಲನ್ನು ಕಾರಿನಲ್ಲಿ ಕೊಂಡೊಯ್ದು ವಿಕಾರಾಬಾದಿನಿಂದ ಸವಾರಿ ಹೊರಡುವುದು ಸೂಕ್ತ.

ನಗರದಿಂದ ಮೊಯಿನಾಬಾದ್, ಚೇವೆಳ್ಳ ಮಾರ್ಗವಾಗಿ ಹೋಗುವ ಹಳೆಯ ಬಿಜಾಪುರ ರಸ್ತೆಯ ಇಕ್ಕೆಲಗಳ ಆಲದ ಮರಗಳ ಸೊಬಗು ಯಾರನ್ನಾದರೂ ಸೆಳೆಯುತ್ತದೆ. ಆದರೆ ಆ ಹೆದ್ದಾರಿಯಲ್ಲಿ ಸೈಕಲ್ ಸವಾರಿ ಬೇಡ. 2025ರ ನವೆಂಬರ್‌ನಲ್ಲಿ ಚೇವೆಳ್ಳದ ಬಳಿ ಬಸ್ಸಿಗೆ ಟಿಪ್ಪರ್ ಲಾರಿ ಡಿಕ್ಕಿ ಹೊಡೆದು ಹಲವರು ಮೃತಪಟ್ಟ ದುರಂತವನ್ನು ಓದುಗರು ಮರೆತಿರಲಾರರು. ಮರಗಳನ್ನು ಕಾರಿನಿಂದ ನೋಡಿ, ಸೈಕಲ್ಲನ್ನು ಹಳ್ಳಿಯ ದಾರಿಗೆ ಮೀಸಲಿಡುವುದು ಕ್ಷೇಮಕರ.

ಸಿದ್ಧತೆ

* ಅಕ್ಟೋಬರ್‌ನಿಂದ ಫೆಬ್ರವರಿ ಉತ್ತಮ ಕಾಲ. ಬೇಸಿಗೆಯಲ್ಲಿ ಬಿಸಿಲು 40 ಡಿಗ್ರಿ ದಾಟುವುದರಿಂದ ಎಂಟು ಗಂಟೆಯೊಳಗೆ ಹಿಂದಿರುಗಬೇಕು.
* ಗರಸಿನ ಮೇಲೆ ಟೈರಿನ ಗಾಳಿಯನ್ನು ತುಸು ಇಳಿಸಿದರೆ ಹಿಡಿತ ಹೆಚ್ಚುತ್ತದೆ, ಬೆನ್ನಿಗೆ ಏಟು ತಗ್ಗುತ್ತದೆ.
* ಜಾಲಿಮುಳ್ಳಿನ ಕಾಟ ಎಲ್ಲೆಡೆ ಇದೆ. ಹೆಚ್ಚುವರಿ ಟ್ಯೂಬ್, ಪಂಪು, ಪ್ಯಾಚ್ ಸಾಮಗ್ರಿ ಜೊತೆಗಿರಲಿ.
* ಹೆಲ್ಮೆಟ್, ಹಿಂಬದಿಯ ಕೆಂಪು ದೀಪ, ಎರಡು ಬಾಟಲಿ ನೀರು ಕಡ್ಡಾಯ.
* ಐವತ್ತು ದಾಟಿದವರು ವೈದ್ಯರನ್ನು ಕಂಡು ಆರಂಭಿಸಬೇಕು. ಒಬ್ಬರೇ ಹೋಗದೆ ಜೊತೆಗಾರರೊಡನೆ ಹೋಗಬೇಕು.
* ಹೊಲದ ಬದುವಿನ ಮೇಲೆ ಸೈಕಲ್ ಹತ್ತಿಸಬಾರದು. ಪ್ಲಾಸ್ಟಿಕ್ಕನ್ನು ಮನೆಗೇ ಮರಳಿ ತರಬೇಕು.

ಈ ನಿಶ್ಶಬ್ದ ಉಳಿದುದು ಹೇಗೆ?

ಇಷ್ಟು ದೊಡ್ಡ ನಗರದ ಪಕ್ಕದಲ್ಲಿ ಇಂತಹ ಹಳ್ಳಿಗಾಡು ಉಳಿದುದು ಆಕಸ್ಮಿಕವಲ್ಲ. ಜಲಾಶಯಗಳ ಸುತ್ತ 10 ಕಿಲೋಮೀಟರ್ ವ್ಯಾಪ್ತಿಯ 84 ಗ್ರಾಮಗಳಲ್ಲಿ ಮಾಲಿನ್ಯಕಾರಕ ಕೈಗಾರಿಕೆಗಳನ್ನೂ ದೊಡ್ಡ ಹೋಟೆಲು, ಬಡಾವಣೆಗಳನ್ನೂ ನಿರ್ಬಂಧಿಸಿ 1996ರಲ್ಲಿ ಅಂದಿನ ಆಂಧ್ರಪ್ರದೇಶ ಸರ್ಕಾರ 111ನೆಯ ಸಂಖ್ಯೆಯ ಆದೇಶ ಹೊರಡಿಸಿತು. 2000ದಲ್ಲಿ ಸುಪ್ರೀಂ ಕೋರ್ಟು ಕೂಡ ಜಲಾಶಯಗಳ ರಕ್ಷಣೆಯ ಪರವಾಗಿ ತೀರ್ಪಿತ್ತಿತು. 2022ರ ಏಪ್ರಿಲ್‌ನಲ್ಲಿ ತೆಲಂಗಾಣ ಸರ್ಕಾರವು 69ನೆಯ ಆದೇಶದ ಮೂಲಕ ಆ ನಿರ್ಬಂಧಗಳನ್ನು ಸಡಿಲಿಸಿತು. ತಮ್ಮ ಭೂಮಿಗೆ ಬೆಲೆಯಿಲ್ಲವೆಂಬ ಆ ಗ್ರಾಮಸ್ಥರ ಕೊರಗಿನಲ್ಲಿಯೂ ನ್ಯಾಯವಿದೆ. ಮೇಲ್ಭಾಗದ ನೆಲವೆಲ್ಲ ಕಾಂಕ್ರೀಟಾದರೆ ಕೆರೆಗೆ ಶುದ್ಧ ನೀರು ಬರುವುದೆಲ್ಲಿಂದ ಎಂಬ ಪರಿಸರ ಪ್ರೇಮಿಗಳ ಪ್ರಶ್ನೆಯಲ್ಲಿಯೂ ನ್ಯಾಯವಿದೆ. ಸಾಲದ ಅರ್ಜಿಗಳನ್ನು ತೂಗಿ ನೋಡಿದ ಅಭ್ಯಾಸದಿಂದ ಹೇಳುವುದಾದರೆ, ಮಾರಿದ ಭೂಮಿಯ ಹಣ ಒಂದು ತಲೆಮಾರಿಗೆ. ಕೆರೆಯ ನೀರು ಎಲ್ಲ ತಲೆಮಾರಿಗೂ.

ಇಂದು ಗರಸು ಇರುವ ಹಾದಿ ಮುಂದಿನ ವರ್ಷ ಡಾಂಬರಾಗಿರಬಹುದು, ಹೊಲವಿದ್ದಲ್ಲಿ ಬೇಲಿ ಎದ್ದಿರಬಹುದು. ಆದ್ದರಿಂದ ಓದುಗ ಬಂಧುಗಳು ತಡಮಾಡದೆ ಒಮ್ಮೆ ಮಕ್ಕಳೊಡನೆ ಹೋಗಿ ಬರಲೆಂದು ಕೋರಿಕೆ. ಗಂಡಿಪೇಟೆಯ ದಡದಲ್ಲಿ ನಿಂತು, ಈ ನಗರವನ್ನು ಪೂರದಿಂದ ಕಾಯುವ ಉಪಾಯ ಹೇಳಿದವರು ಮುದ್ದೇನಹಳ್ಳಿಯ ಒಬ್ಬ ಕನ್ನಡಿಗರೆಂದು ಮಕ್ಕಳಿಗೆ ತಿಳಿಸಲು ಅದಕ್ಕಿಂತ ಒಳ್ಳೆಯ ಜಾಗ ಬೇರೊಂದಿಲ್ಲ.