ಕಡಲ ಸದ್ದು ಕೇಳದ ಮನೆ

ಫಿಲಿಪೀನ್ಸಿನ ಸುಲು ಸಮುದ್ರದ ಬಜಾವು ಜನ ನೀರಿನಲ್ಲಿ ಕಂಬ ನೆಟ್ಟು ಅದರ ಮೇಲೆ ಮನೆ ಕಟ್ಟುತ್ತಾರೆಂದು ಓದಿದ್ದೆ. ನಮ್ಮ ಕಾರವಾರ ಸೀಮೆಯ ಹರಿಕಂತ್ರ, ಖಾರ್ವಿ, ಗಾಬಿತರ ಮನೆಗಳಿಗೆ ಕಂಬಗಳಿಲ್ಲ. ಅವು ದಂಡೆಯ ಮರಳಿನ ಮಗ್ಗುಲಲ್ಲೇ ನಿಂತಂಥವು. ಅಂಥ ಮನೆಗಳನ್ನು ಕಾಣಲೆಂದು ಧಾರವಾಡದಿಂದ ಅರಬೈಲು ಘಟ್ಟವಿಳಿದು ಹೋದ ನನ್ನನ್ನು ವೃದ್ಧ ತಾಂಡೇಲರೊಬ್ಬರು ಕರೆದೊಯ್ದದ್ದು ಒಂದು ಪುನರ್ವಸತಿ ಬಡಾವಣೆಗೆ.

ಕಾರವಾರದ ದಕ್ಷಿಣಕ್ಕೆ ನೌಕಾನೆಲೆಗಾಗಿ 1986ರಲ್ಲಿ ಶಂಕುಸ್ಥಾಪನೆಯಾಯಿತು. ಅದಕ್ಕಾಗಿ 13 ಹಳ್ಳಿಗಳ ಸುಮಾರು 4,000 ಕುಟುಂಬಗಳು ಊರು ಬಿಟ್ಟವು. 2005ರಲ್ಲಿ ಕಾರ್ಯಾರಂಭ ಮಾಡಿದ ಆ ನೆಲೆಗೆ ಕನ್ನಡದ ಮೊದಲ ಅರಸುಮನೆತನದ ಹೆಸರನ್ನೇ ಇಟ್ಟರು: ಕದಂಬ. ಗೋವೆಯ ಕದಂಬರು ಹಡಗುಪಡೆ ಕಟ್ಟಿದವರು; ಹೆಸರು ಉಚಿತವೇ.

ತಾಂಡೇಲರು ಜಗಲಿಯಲ್ಲಿ ಕುಳಿತು ಹೇಳಿದರು: “ಮಾಸ್ತರೇ, ಮೊದಲು ಮಲಗಿದಲ್ಲೇ ತೆರೆಯ ಸದ್ದು ಕೇಳಿ, ಬೆಳಗಿಗೆ ದೋಣಿ ಇಳಿಸಬಹುದೋ ಇಲ್ಲವೋ ತಿಳಿಯುತ್ತಿತ್ತು. ಈಗ ಎದ್ದು ಹೋಗಿ ನೋಡಬೇಕು.”

“ಪರಿಹಾರ ಬರಲಿಲ್ಲವೇ?” ಎಂದೆ.

“ಮನೆಗೆ ಬಂತು, ತೆಂಗಿಗೆ ಬಂತು. ಆ ಸದ್ದಿಗೆ ಯಾರು ಬೆಲೆ ಕಟ್ಟುತ್ತಾರೆ?”

ದೇಶಕ್ಕೆ ಕಾವಲು ಬೇಕೆಂಬುದನ್ನು ಅವರೂ ಅಲ್ಲಗಳೆಯಲಿಲ್ಲ, ನಾನೂ ಅಲ್ಲಗಳೆಯೆ. ಆದರೆ ಕದಂಬರ ತಾಮ್ರಶಾಸನಗಳಲ್ಲಿ ಭೂಮಿ ಕೊಟ್ಟ ಅರಸನ ಹೆಸರಿದೆ. ಇಲ್ಲಿ ಕೊಟ್ಟವರು ಬೆಸ್ತರು. ಅವರ ಹೆಸರುಗಳನ್ನೂ ಯಾರಾದರೂ ಬರೆದಿಡಬೇಡವೇ?