ಕಾರವಾರ–ಅಂಕೋಲೆಯ ಸಿದ್ದಿ, ಹಾಲಕ್ಕಿ ಮಕ್ಕಳು ಮತ್ತು ಶಾಲೆ

ಕಾರವಾರ–ಅಂಕೋಲೆ ಸೀಮೆಯ ಸಿದ್ದಿ, ಹಾಲಕ್ಕಿ ಸಮುದಾಯಗಳ ಮಕ್ಕಳನ್ನು ಕೆನಡಾದ ಆದಿವಾಸಿ ಮಕ್ಕಳಂತೆ ಹೆತ್ತವರಿಂದ ಕಿತ್ತು ಚರ್ಚಿನ ವಸತಿಶಾಲೆಗೆ ತಳ್ಳಲಿಲ್ಲ. ಇಲ್ಲಿ ಅವರಿಗೆ ಶಾಲೆಯೇ ದೂರವಿತ್ತು. ಧರ್ಮ ಬೋಧಿಸುತ್ತಲೇ ಅನ್ಯಾಯ ಮಾಡುವ ಇಬ್ಬಗೆತನವಂತೂ ಇಲ್ಲಿಗೂ ಹಳೆಯದೇ. ಗೋವೆಯ ಪೋರ್ಚುಗೀಸರು ಆಫ್ರಿಕನ್ನರಿಗೆ ದೀಕ್ಷಾಸ್ನಾನ ಮಾಡಿಸಿದರು, ಗುಲಾಮರಾಗಿಯೇ ಇಟ್ಟುಕೊಂಡರು. ತಪ್ಪಿಸಿಕೊಂಡವರು ಉತ್ತರ ಕನ್ನಡದ ಕಾಡು ಸೇರಿದರು; ಸಿದ್ದಿಗಳು ಅವರ ವಂಶಜರು. ಹಿಂದೂಗಳ ಮಡಿಯೂ ಕಡಿಮೆಯದಲ್ಲ: 1856ರಲ್ಲಿ ಧಾರವಾಡದ ಸರ್ಕಾರಿ ಶಾಲೆಗೆ ಮಹಾರ್ ಹುಡುಗನೊಬ್ಬನನ್ನು ಜಾತಿಯ ಕಾರಣಕ್ಕೆ ಸೇರಿಸಿಕೊಳ್ಳಲಿಲ್ಲ. ಕವಿ ದಿನಕರ ದೇಸಾಯಿ 1953ರಲ್ಲಿ ಕೆನರಾ ವೆಲ್‌ಫೇರ್ ಟ್ರಸ್ಟ್ ಕಟ್ಟಿ ಜಿಲ್ಲೆಯ ಹಳ್ಳಿಗಳಿಗೆ ಪ್ರೌಢಶಾಲೆ ತಂದರು. ಅದಕ್ಕೂ ಮುಂಚೆ ಹುಟ್ಟಿದ, ಮುಂದೆ ಪದ್ಮಶ್ರೀ ಪಡೆದ ಹೊನ್ನಳ್ಳಿಯ ಹಾಲಕ್ಕಿ ಸಮುದಾಯದ ತುಳಸಿ ಗೌಡರು ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಸಿದ್ದಿಗಳಿಗೆ ಪರಿಶಿಷ್ಟ ಪಂಗಡದ ಮಾನ್ಯತೆ ಸಿಕ್ಕಿದ್ದು 2003ರಲ್ಲಿ. ಅದೇ ಮಾನ್ಯತೆಗಾಗಿ ಹಾಲಕ್ಕಿಗಳ ಬೇಡಿಕೆ ಇನ್ನೂ ಈಡೇರಿಲ್ಲ.