ಒಂದೇ ಆಫೀಸಿನ ಜನ, ಮೂರು ಉತ್ತರ: 'ಲಿಮಿಟ್‌ನಲ್ಲಿ' ಕುಡಿದ್ರೆ ನೆನಪಿಗೇನಾಗುತ್ತೆ?

ಮೊದಲು ಒಂದು ಸಣ್ಣ ಆಟ. ಫೋನ್‌ನಲ್ಲಿ ಒಂದು ನಿಮಿಷದ ಟೈಮರ್ ಇಟ್ಕೊಳ್ಳಿ. ಇಂಗ್ಲಿಷಿನ 'ಎಸ್' ಅಕ್ಷರದಿಂದ ಶುರುವಾಗೋ ಪದಗಳನ್ನ ಎಷ್ಟಾಗುತ್ತೋ ಅಷ್ಟು ಬರೀರಿ. ಸುಲಭ ಅನ್ಸುತ್ತೆ, ಇಪ್ಪತ್ತು ಸೆಕೆಂಡ್ ಆದ್ಮೇಲೆ ತಡವರಿಸ್ತೀರಿ. ಈ ಆಟ ನೆನಪಿರಲಿ, ವಾಪಸ್ ಬರ್ತೀವಿ.

ಇದೇ ಪರೀಕ್ಷೆಯನ್ನು ಲಂಡನ್ನಿನ ಸರ್ಕಾರಿ ನೌಕರರು ವರ್ಷಗಟ್ಟಲೆ ಬರೆದಿದ್ದಾರೆ. 1985ರಲ್ಲಿ ಶುರುವಾದ ಈ ಅಧ್ಯಯನದ ಹೆಸರು ವೈಟ್‌ಹಾಲ್ 2. 35ರಿಂದ 55 ವಯಸ್ಸಿನ 10,308 ಜನ, ಗುಮಾಸ್ತರಿಂದ ಹಿಡಿದು ದೊಡ್ಡ ಅಧಿಕಾರಿಗಳವರೆಗೆ. ಆಗ ಮುಖ್ಯಸ್ಥರಾಗಿದ್ದವರು ಮೈಕಲ್ ಮಾರ್ಮಟ್. ಉದ್ಯೋಗದ ದರ್ಜೆಗೂ ಆರೋಗ್ಯಕ್ಕೂ ಏನು ನಂಟು ಅನ್ನೋದೇ ಮೂಲ ಪ್ರಶ್ನೆ. ಕುಡಿತ ಅದರಲ್ಲಿ ಒಂದು ಕಾಲಂ ಅಷ್ಟೇ: ವಾರಕ್ಕೆ ಎಷ್ಟು?

ಅದೇ ಹೊತ್ತಿಗೆ ಹೊರಗೆ ಬೇರೇನೇ ಗಾಳಿ. 1991ರಲ್ಲಿ ಅಮೆರಿಕದ '60 ಮಿನಿಟ್ಸ್' ಟಿವಿ ಕಾರ್ಯಕ್ರಮ, ಫ್ರೆಂಚರು ಬೆಣ್ಣೆ ಚೀಸ್ ತಿಂದ್ರೂ ಹೃದಯ ಗಟ್ಟಿ ಇರೋದಕ್ಕೆ ರೆಡ್ ವೈನ್ ಕಾರಣ ಇರಬಹುದು ಅಂತ ತೋರಿಸಿತು. ವೈನ್ ವ್ಯಾಪಾರಿಗಳಿಗೆ ಹಬ್ಬ. ಹೃದಯಕ್ಕೆ ಒಳ್ಳೇದಾದ್ರೆ ಮಿದುಳಿಗೂ ಒಳ್ಳೇದೇ ಇರಬೇಕು ಅನ್ನೋ ನಂಬಿಕೆ ಹಿಂದೆಯೇ ಬಂತು.

2004ರಲ್ಲಿ ವೈಟ್‌ಹಾಲ್ ತಂಡವೇ ಲೆಕ್ಕ ಹಾಕಿದಾಗ ಉತ್ತರವೂ ಹಾಗೇ ಬಂತು. ಕುಡಿಯದವರಿಗಿಂತ ಕುಡಿಯುವವರು ಕೆಲವು ಯೋಚನಾ ಪರೀಕ್ಷೆಗಳಲ್ಲಿ ಚೆನ್ನಾಗಿ ಮಾಡಿದ್ದರು. ಆದರೆ ಇಲ್ಲೊಂದು ಕೊಕ್ಕೆ ಇದೆ. ಕುಡಿಯದವರು ಅಂದ್ರೆ ಯಾರು? ಖಾಯಿಲೆ ಬಂದು ಬಿಟ್ಟವರೂ ಆ ಗುಂಪಿನಲ್ಲೇ ಇರ್ತಾರೆ. ಬ್ರಿಟನ್ನಿನ ಜೆರಾಲ್ಡ್ ಶೇಪರ್ ಈ ಎಚ್ಚರಿಕೆಯನ್ನು 1988ರಲ್ಲೇ ಕೊಟ್ಟಿದ್ದರು. ಹಾಗಿದ್ರೆ ಗ್ಲಾಸ್ ಹಿಡಿದವರು ಚುರುಕಾಗಿ ಕಂಡಿದ್ದು ಗ್ಲಾಸಿನಿಂದ್ಲೋ, ಮೊದಲೇ ಇದ್ದ ಆರೋಗ್ಯ, ಸಂಬಳದಿಂದ್ಲೋ?

2017ರಲ್ಲಿ ಕಥೆ ತಿರುಗಿತು. ಆಕ್ಸ್‌ಫರ್ಡ್‌ನ ಆನ್ಯಾ ಟೋಪಿವಾಲಾ ಮತ್ತು ಜೊತೆಗಾರರು ಇದೇ ನೌಕರರಲ್ಲಿ 550 ಜನರನ್ನು ಎಂಆರ್‌ಐ ಮೆಷಿನ್‌ನೊಳಗೆ ಮಲಗಿಸಿದರು. ಯಾರೂ ಕುಡಿತಕ್ಕೆ ದಾಸರಾದವರಲ್ಲ. 30 ವರ್ಷದ ಕುಡಿತದ ಲೆಕ್ಕ ಆಗಾಗ್ಗೆ ಬರೆದಿಟ್ಟಿದ್ದೇ ಇತ್ತು, ಮುದುಕರಾದ ಮೇಲೆ ನೆನಪು ಮಾಡ್ಕೊಂಡು ಹೇಳಿದ್ದಲ್ಲ. ಸ್ಕ್ಯಾನ್‌ನಲ್ಲಿ ಕಂಡಿದ್ದು: ವಾರಕ್ಕೆ 14ರಿಂದ 21 ಯೂನಿಟ್ ಕುಡಿದವರಲ್ಲಿ, ನೆನಪಿಗೆ ಬೇಕಾದ ಹಿಪ್ಪೊಕ್ಯಾಂಪಸ್‌ನ ಬಲಭಾಗ ಕುಗ್ಗಿರುವ ಸಾಧ್ಯತೆ ಕುಡಿಯದವರ ಸುಮಾರು ಮೂರು ಪಟ್ಟು. ಸ್ವಲ್ಪವೇ ಕುಡಿದವರಿಗೂ ವಿಶೇಷ ರಕ್ಷಣೆ ಏನೂ ಕಾಣಲಿಲ್ಲ. ನಮ್ಮ 'ಎಸ್' ಆಟದಲ್ಲೂ ಹೆಚ್ಚು ಕುಡಿದವರು ಬೇಗ ಹಿಂದೆ ಬಿದ್ದರು. ಉಳಿದ ಪರೀಕ್ಷೆಗಳಲ್ಲಿ ಅಂಥ ವ್ಯತ್ಯಾಸ ಇರಲಿಲ್ಲ, ಸ್ಕ್ಯಾನ್ ಮಾಡಿದ್ದೂ ಒಂದೇ ಸಲ. ಅದನ್ನೂ ಹೇಳಬೇಕು.

ಮುಗೀತು ಅಂದ್ಕೊಂಡ್ರಾ? 2018ರಲ್ಲಿ ಇದೇ ಅಧ್ಯಯನದ 9,087 ಜನರ ಲೆಕ್ಕ ಬಂತು. ವಾರಕ್ಕೆ 14 ಯೂನಿಟ್ ದಾಟಿದವರಿಗೂ, ಮಧ್ಯವಯಸ್ಸಿನಲ್ಲಿ ಕುಡಿಯದೇ ಇದ್ದವರಿಗೂ ಡಿಮೆನ್ಷಿಯಾ ಅಪಾಯ ಜಾಸ್ತಿ! ವಾಟ್ಸಾಪ್‌ನಲ್ಲಿ ಎರಡನೇ ಅರ್ಧ ಮಾತ್ರ ಓಡಾಡಿದ್ರೆ ಆಶ್ಚರ್ಯ ಇಲ್ಲ. ಆದರೆ ಕುಡಿಯದವರ ಆ ಅಪಾಯದ ಒಂದು ಪಾಲು ಅವರಿಗಿದ್ದ ಹೃದಯದ ಖಾಯಿಲೆ, ಮಧುಮೇಹದಂಥದ್ದರಿಂದ ಬಂದಿತ್ತು. ಮತ್ತೆ ಅದೇ ಕೊಕ್ಕೆ. ನನಗೆ 2017ರ ಸ್ಕ್ಯಾನೇ ಹೆಚ್ಚು ತೂಕದ್ದು ಅನ್ಸುತ್ತೆ.

ಈ 14 ಎಲ್ಲಿಂದ ಬಂತು? 2016ರಲ್ಲಿ ಬ್ರಿಟನ್ ಸರ್ಕಾರ ಗಂಡಸರಿಗೂ ಹೆಂಗಸರಿಗೂ ಹಾಕಿದ ವಾರದ ಗೆರೆ ಅದು. ಒಂದು ಯೂನಿಟ್ ಅಂದ್ರೆ 10 ಎಂಎಲ್ ಶುದ್ಧ ಆಲ್ಕೋಹಾಲ್. ನಮ್ಮೂರ ಲೆಕ್ಕಕ್ಕೆ ತರೋಣ: 42.8 ಪರ್ಸೆಂಟ್ ವಿಸ್ಕಿಯ 60 ಎಂಎಲ್ ಲಾರ್ಜ್ ಒಂದಕ್ಕೆ ಎರಡೂವರೆ ಯೂನಿಟ್. 8 ಪರ್ಸೆಂಟ್ ಸ್ಟ್ರಾಂಗ್ ಬಿಯರ್, 650 ಎಂಎಲ್ ಬಾಟಲ್? ಐದು ದಾಟುತ್ತೆ. ಶುಕ್ರವಾರ ಫ್ರೆಂಡ್ಸ್ ಜೊತೆ ಒಂದು, ಶನಿವಾರ ಒಂದು, ಭಾನುವಾರ ಮ್ಯಾಚ್ ನೋಡ್ತಾ ಒಂದು. ಅಲ್ಲಿಗೆ ಹದಿನೈದೂವರೆ.